ಬೀದಿ ಕಡೆಯ ಕಿಟಕಿ

ಹಳೆಯ ದಾಖಲೆಗಳನ್ನು ಕಾಪಾಡುವ ಪ್ರಾದೇಶಿಕ ಪತ್ರಾಗಾರದಲ್ಲಿ ಅವನ ಕೆಲಸ ತಿಂಗಳಿಗೊಂದು ಉಪನ್ಯಾಸ ಏರ್ಪಡಿಸುವುದು, ಚರಿತ್ರೆಯ ಮೇಷ್ಟ್ರುಗಳಿಗೆ ಕಾರ್ಯಾಗಾರ ನಡೆಸುವುದು. ಸಹೋದ್ಯೋಗಿಗಳು ಅವನಿಗಿಟ್ಟ ಹೆಸರು ಪುರಾವೆರಾಯ. ಕ್ಯಾಂಟೀನಿನವನು ಚಹಾ ಬಿಸಿಯಿದೆ ಎಂದರೂ "ಏನು ಪುರಾವೆ?" ಎಂದು ಕೇಳುವ ಆಸಾಮಿ. ಆ ಹೆಸರು ಹೊಗಳಿಕೆಯೆಂದೇ ಅವನು ಬಹುಕಾಲ ನಂಬಿದ್ದ. ಹಾಗೆ ನಂಬುವುದಕ್ಕೆ ಮಾತ್ರ ಯಾವ ಪುರಾವೆಯನ್ನೂ ಹುಡುಕಲು ಹೋಗಿರಲಿಲ್ಲ.

ಉಪನ್ಯಾಸಕ್ಕೆ ಬರುವವರಲ್ಲಿ ಅರ್ಧ ಮಂದಿ ಫ್ಯಾನಿನ ಗಾಳಿಗೆ, ಉಳಿದರ್ಧ ಬಿಸ್ಕತ್ತಿಗೆ ಬರುತ್ತಾರೆಂದು ಅವನಿಗೆ ಗೊತ್ತಿತ್ತು. ಮೇಷ್ಟ್ರುಗಳಂತೂ ಒಂದು ದಿನ ಶಾಲೆಗೆ ಚಕ್ಕರ್ ಹೊಡೆಯಬಹುದಲ್ಲ ಎಂದು ಬರುತ್ತಿದ್ದರು. ತನ್ನ ಭಾಷಣ ನಿದ್ದೆಗೆ ಒಳ್ಳೆಯ ಔಷಧ ಎಂದು ಹೆಂಡತಿ ಅಂದದ್ದನ್ನು ಅವನೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದ. ಒಂದೇ ಒಂದು ವಿಷಯದಲ್ಲಿ ಅವನು ತಮಾಷೆ ಸಹಿಸುತ್ತಿರಲಿಲ್ಲ. ಅದು ಅಕ್ಕನ ಕಥೆ.

ಮನೆಯ ಹಿರಿಯರನ್ನು ಮಾತಾಡಿಸಿ ಚರಿತ್ರೆ ಬರೆಯುವುದು ಹೇಗೆಂದು ಕಲಿಸುವ ಮೊದಲು ಪ್ರತಿ ಕಾರ್ಯಾಗಾರದಲ್ಲೂ ಅದನ್ನೇ ಹೇಳುತ್ತಿದ್ದ. ಇಬ್ಬರನ್ನು ಓದಿಸುವ ತಾಕತ್ತು ಅಪ್ಪನಿಗಿರಲಿಲ್ಲ. ತಮ್ಮ ಓದಲೆಂದು ಅಕ್ಕ ಶಾಲೆ ಬಿಟ್ಟಳು. ಅವನು ಹೆಗಲಿಗೆ ಚೀಲ ಏರಿಸಿ ಹೊರಟರೆ ಅವಳು ಬೀದಿ ಕಡೆಯ ಕಿಟಕಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಇಲ್ಲಿಗೆ ಬಂದಾಗ ಅವನ ಗಂಟಲು ಕಟ್ಟುತ್ತಿತ್ತು. ಮೊದಮೊದಲು ನಿಜವಾಗಿ, ಆಮೇಲೆ ರೂಢಿಯಿಂದ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಿದ್ದರು.

ಕಥೆ ಅವನಿಗೆ ಬಂದದ್ದು ಅಮ್ಮನ ಬೈಗುಳದಿಂದ. ಓದದೆ ಅಲೆದಾಗಲೆಲ್ಲ "ಅಕ್ಕ ಶಾಲೆ ಬಿಟ್ಟಿದ್ದು ಯಾರಿಗೋಸ್ಕರ ಅಂದ್ಕೊಂಡಿದ್ದೀಯ?" ಎಂದು ಅಮ್ಮ ಚುಚ್ಚುತ್ತಿದ್ದಳು. ಅಮ್ಮ ಹೋದಳು, ಋಣ ಉಳಿಯಿತು. ಭಾವ ತೀರಿಕೊಂಡ ಮೇಲೆ ಅಕ್ಕ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡು ಒಬ್ಬಳೇ ಇದ್ದಳು. ಪ್ರತಿ ಭಾನುವಾರ ಅವನು ಅಲ್ಲಿಗೆ ಹೋಗಿ, ಹಣ್ಣಿನ ಚೀಲ ಇಟ್ಟು, ಆರೋಗ್ಯ ವಿಚಾರಿಸಿ, ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಉಂಡು ಬರುತ್ತಿದ್ದ. ಅವಳು ಮಾತಾಡುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ. ಊರಿನ ಹಿರಿಯರನ್ನೆಲ್ಲ ಕೆದಕಿ ಕೆದಕಿ ಕೇಳುವುದನ್ನು ಕಲಿಸುವವನು ಅಕ್ಕನನ್ನು ಹಳೆಯದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ.

ಈ ಸಲ ನಿರ್ದೇಶಕರು ಆ ಕಥೆಯನ್ನು ಮೇಷ್ಟ್ರುಗಳ ಕೈಪಿಡಿಯ ಮೊದಲ ಪುಟದಲ್ಲಿ ಅಚ್ಚು ಹಾಕಿಸೋಣ, ಜೊತೆಗೆ ಅಕ್ಕನ ಫೋಟೋ ಇರಲಿ ಎಂದರು. ಪುರಾವೆರಾಯನಿಗೆ ಕೊಂಬು ಬಂದಂತಾಯಿತು. ಅಕ್ಕನನ್ನು ಕಾರ್ಯಾಗಾರಕ್ಕೇ ಕರೆಸಿ, ಎಲ್ಲರೆದುರು ಕೂರಿಸಿ, ಋಣದಲ್ಲಿ ಸ್ವಲ್ಪವಾದರೂ ತೀರಿಸಿಬಿಡುವ ಹುಮ್ಮಸ್ಸು ಅವನದು.

"ಫೋಟೋ ತೆಗೆಸ್ಕೊಳ್ಳೋ ಮುಖಾನೇನೋ ಇದು?" ಎನ್ನುತ್ತಲೇ ಅಕ್ಕ ಅಂಗಡಿಗೆ ಬೀಗ ಹಾಕಿ ಬಂದು ಮುಂದಿನ ಸಾಲಿನಲ್ಲಿ ಕೂತಳು. ತಮ್ಮ ತನ್ನ ಬಗ್ಗೆ ಊರಿಗೆಲ್ಲ ಏನು ಹೇಳಿಕೊಂಡು ಬಂದಿದ್ದಾನೆಂದು ಅವಳಿಗೆ ಅಂದೇ ಮೊದಲು ಕೇಳಿಸಿದ್ದು. ಕಥೆ ಹೇಳುತ್ತ ಅವನು ಕಿಟಕಿಯವರೆಗೆ ಬಂದ. ಗಂಟಲು ಕಟ್ಟಿತು. ಹಿಂದಿನ ಸಾಲು ನೆಟ್ಟಗೆ ಕೂತಿತು. ಬೆನ್ನು ತಟ್ಟಿಕೊಳ್ಳಲು ಅವನ ಕೈ ತುರಿಸುತ್ತಿತ್ತು.

ಆಗ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರೊಬ್ಬಳು ಎದ್ದಳು. "ಸರ್, ಒಬ್ಬರ ಬಾಯಿ ಮಾತು ನಂಬಬೇಡಿ, ಇನ್ನೊಬ್ಬರನ್ನೂ ಕೇಳಿ ಅಂತ ಬೆಳಗ್ಗೆ ನೀವೇ ಹೇಳಿದ್ರಲ್ಲ. ಅಕ್ಕ ಇಲ್ಲೇ ಇದ್ದಾರೆ, ಕೇಳ್ಬಹುದಾ?"

"ಧಾರಾಳವಾಗಿ ಕೇಳಿ" ಎಂದ ಅವನು. ಅಕ್ಕ ಅತ್ತುಬಿಡುತ್ತಾಳೆಂದು ಜೇಬಿನ ಕರವಸ್ತ್ರ ಮುಟ್ಟಿ ನೋಡಿಕೊಂಡ.

ಅಕ್ಕ ಮೈಕನ್ನು ಕತ್ತರಿ ಹಿಡಿದಂತೆ ಹಿಡಿದಳು. "ಅಲ್ವೋ, ನಮ್ಮ ಆ ಮನೇಲಿ ಬೀದಿ ಕಡೆ ಕಿಟಕಿ ಎಲ್ಲಿತ್ತೋ? ಇದ್ದಿದ್ದು ಒಂದೇ, ಅದೂ ಹಿತ್ತಲಿಗೆ!"

ಸಭೆ ಗೊಳ್ಳೆಂದಿತು. ಅವನು ಇಂಗು ತಿಂದ ಮಂಗನಂತೆ ನಿಂತ. ಹೌದಲ್ಲ, ಕಿಟಕಿ ಇರಲಿಲ್ಲ. ಯಾವ ವರ್ಷದ ಕಾರ್ಯಾಗಾರದಲ್ಲಿ ತಾನು ಆ ಗೋಡೆ ಒಡೆದು ಕಿಟಕಿ ಇಟ್ಟೆನೋ ಅವನಿಗೇ ನೆನಪಿರಲಿಲ್ಲ.

"ಶಾಲೆ ಬಿಟ್ಟಿದ್ದು ಇವನಿಗೋಸ್ಕರ ಅಲ್ಲಮ್ಮ" ಎಂದಳು ಅಕ್ಕ ಟೀಚರ ಕಡೆ ತಿರುಗಿ. "ನನಗೆ ಲೆಕ್ಕ ಅಂದ್ರೆ ಜ್ವರ ಬರ್ತಿತ್ತು. ಪಕ್ಕದ್ಮನೆ ಅತ್ತೆ ಹತ್ರ ಹೊಲಿಗೆ ಮೆಷಿನ್ ಇತ್ತು. ನಾನು ಹಟ ಹಿಡಿದು ಅದರ ಮುಂದೆ ಹೋಗಿ ಕೂತೆ. ಅಮ್ಮ ಅಪ್ಪ ಎಷ್ಟು ಬೈದ್ರು! ಇವನು ಅಳ್ತಾ ಶಾಲೆಗೆ ಹೋಗೋವಾಗ ನಾನು ಖುಷಿಯಾಗಿ ಮೆಷಿನ್ ತುಳೀತಿದ್ದೆ. ಇವನು ಓದ್ಲಿ ಅಂತ ಅಮ್ಮ ಕಥೆ ತಿರುಗಿಸಿ ಹೇಳ್ತಿದ್ಲು ಅಷ್ಟೆ."

"ಮತ್ತೆ ಇಷ್ಟು ವರ್ಷ ಇವರಿಗೆ ಯಾಕೆ ಹೇಳ್ಲಿಲ್ಲ?" ಟೀಚರು ಬಿಡಲಿಲ್ಲ. ಅವನು ಕಲಿಸಿದ್ದನ್ನು ಅವಳೊಬ್ಬಳಾದರೂ ಚೆನ್ನಾಗಿ ಕಲಿತಿದ್ದಳು.

ಅಕ್ಕನ ನಗು ನಿಂತಿತು. ಮೈಕನ್ನು ಸ್ವಲ್ಪ ಕೆಳಗಿಳಿಸಿದಳು. "ಪ್ರತಿ ಭಾನುವಾರ ಬರ್ತಾನೆ. ಋಣ ಇದೆ ಅಂತ ಬರ್ತಾನೆ. ಇಲ್ಲ ಅಂತ ಗೊತ್ತಾದ್ರೆ ಬರ್ತಾನೋ ಇಲ್ವೋ ಅಂತ ಸುಮ್ನಿದ್ದೆ."

ಅವನಿಗೆ ನಾಚಿಕೆಯಾಯಿತು, ಕಥೆ ಸುಳ್ಳಾದುದಕ್ಕಲ್ಲ, ಅಕ್ಕನಿಗೆ ಅಂಥ ಅನುಮಾನ ಬರುವಂತೆ ತಾನು ಇಷ್ಟು ವರ್ಷ ಅವಳ ಮನೆಯಲ್ಲಿ ಕೂತೆದ್ದು ಬಂದೆನಲ್ಲ ಎಂದು. ಏನಾದರೂ ಹೇಳಬೇಕಿತ್ತು. ಹೊಟ್ಟೆಪಾಡಿಗೇ ಭಾಷಣ ಮಾಡುವವನ ಬಾಯಿಂದ ಹೊರಟದ್ದು "ಈಗ ಚಹಾ ವಿರಾಮ" ಎಂಬ ಮಾತು.

ಕೈಪಿಡಿಯ ಮೊದಲ ಪುಟದಲ್ಲಿ ಪತ್ರಾಗಾರದ ಕಟ್ಟಡದ ಚಿತ್ರ ಹಾಕಿದರು.

ಭಾನುವಾರ ಬಂತು. ಅವನು ಶರ್ಟು ಹಾಕಿಕೊಂಡ, ಬಿಚ್ಚಿದ, ಮತ್ತೆ ಹಾಕಿಕೊಂಡ. ಸಿಟ್ಟೇನೂ ಇರಲಿಲ್ಲ. ಸಾಲಗಾರನಾಗಿ ಅಕ್ಕನ ಮನೆಗೆ ಹೋಗುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಬರಿಯ ತಮ್ಮನಾಗಿ ಹೋಗಿ ಬಾಗಿಲಲ್ಲಿ ಏನು ಹೇಳಬೇಕೆಂಬುದೇ ತೋಚಲಿಲ್ಲ. "ಹೋಗ್ತೀರೋ, ಶರ್ಟಿಗೆ ಕೆಲಸ ಕೊಡ್ತಾ ಇದ್ದೀರೋ?" ಎಂದು ಹೆಂಡತಿ ಕೇಳಿದಳು. ಊಟದ ಹೊತ್ತು ಮೀರಿತು.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಕ್ಕ, ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತ ನಿಂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

"ನಿನ್ನ ಋಣ ನನಗೇನೂ ಇಲ್ಲ ಕಣೋ. ಆದ್ರೂ ಬಂದಿದ್ದೀನಿ. ದಾರಿ ಬಿಡು."