ಕಿವಿಯಕ್ಕನ ಗಲ್ಲಿಗಳು

ನನ್ನ ಮಗಳು ಮೊಗ್ಗು, ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಪೂರಾ ಇಲ್ಲ ಅಂತಲ್ಲ, ಒಮ್ಮೊಮ್ಮೆ ತಿರುಗುತ್ತಿದ್ದಳು. ಆ ‘ಒಮ್ಮೊಮ್ಮೆ’ಯೇ ನನ್ನ ಜೀವ ಹಿಂಡುತ್ತಿದ್ದದ್ದು. ಒಂದು ಸಲವೂ ತಿರುಗದಿದ್ದರೆ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಿದ್ದೆ. ಪ್ರತಿ ಸಲ ತಿರುಗಿದ್ದರೆ ನೆಮ್ಮದಿಯಾಗಿ ಎರಡು ತುತ್ತು ತಿನ್ನುತ್ತಿದ್ದೆ. ಆಗ ಅವಳಿಗೆ ಹದಿಮೂರು ತಿಂಗಳು.

ನಮ್ಮ ಮನೆಯವರ ಹತ್ತಿರ ಹೇಳಿದರೆ, “ನೀನು ಕರೆದ್ರೆ ನಾನೂ ಒಂದೇ ಸಲಕ್ಕೆ ತಿರುಗಲ್ಲ. ಹಾಗಂತ ನಂಗೆ ಕಿವಿ ಕೇಳಲ್ವಾ?” ಅಂದರು. ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. “ಇವನೂ ಚಿಕ್ಕವನಿದ್ದಾಗ ಹೀಗೇ ಇದ್ದ ಕಣೇ. ಈಗಲೂ ಹೀಗೇ ಇದಾನೆ, ಏನಾಯ್ತೀಗ?”

ನಾನು ಸುಮ್ಮನೆ ಕೂರುವವಳಲ್ಲ. ಮೊಗ್ಗುವನ್ನು ಮಂಚದ ಮೇಲೆ ಕೂರಿಸಿ, ಅವಳ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಇಟ್ಟು, ಚಮಚದಿಂದ ಬಾರಿಸಿದೆ. ತಿರುಗಿದಳು. ಮನೆಯವರ ಮುಂದೆಯೂ ಬಾರಿಸಿ ತೋರಿಸಿದೆ. ಆಗಲೂ ತಿರುಗಿದಳು. “ನೋಡು ಮತ್ತೆ,” ಎಂದು ಅವರು ಎದ್ದು ಹೋದರು. ಆದರೆ ಸಂಜೆ ಅಡುಗೆಮನೆಯಲ್ಲಿ ನನ್ನ ಕೈಯಿಂದ ಪಾತ್ರೆ ಜಾರಿ ದಢಾರೆಂದು ಬಿದ್ದಾಗ, ಬಾಗಿಲಲ್ಲಿ ಬೆನ್ನು ಹಾಕಿ ಆಡುತ್ತಿದ್ದ ಮಗು ಕತ್ತು ಸಹ ಕೊಂಕಿಸಲಿಲ್ಲ.

ಲಸಿಕೆ ಹಾಕುವ ನರ್ಸ್ ಒಂದು ಚೀಟಿಯಲ್ಲಿ ಕಿವಿ ಪರೀಕ್ಷೆ ಮಾಡುವವರ ನಂಬರ್ ಬರೆದುಕೊಟ್ಟಿದ್ದರು. “ಗಾಬರಿ ಏನಿಲ್ಲಮ್ಮ, ಒಂದ್ಸಲ ತೋರಿಸಿಬಿಡಿ” ಅಂದಿದ್ದರು. ಗಾಬರಿ ಏನಿಲ್ಲ ಅಂದ ಮೇಲೆಯೇ ನನಗೆ ಗಾಬರಿಯಾದದ್ದು. ಚೀಟಿ ಹತ್ತೊಂಬತ್ತು ದಿನ ನನ್ನ ಪರ್ಸಿನಲ್ಲೇ ಇತ್ತು. ಮೂರು ಸಲ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೆ. ಕೇಳಿದರೆ ತಾನೇ ಉತ್ತರ ಬರುವುದು?

ಮಧ್ಯಾಹ್ನ ಮೊಗ್ಗು ಮಲಗಬೇಕೆಂದರೆ ಅವಳು ಕೂತ ಮಕ್ಕಳ ತಳ್ಳುಗಾಡಿ ಓಡುತ್ತಿರಬೇಕು. ದೊಡ್ಡ ರಸ್ತೆಯಲ್ಲಿ ಬಸ್ಸಿನ ಹೊಗೆ. ಹಾಗಾಗಿ ಒಂದು ದಿನ ಔಷಧಿ ಅಂಗಡಿಯ ಪಕ್ಕದ ಸಂದಿಗೆ ಗಾಡಿ ತಿರುಗಿಸಿದೆ. ನಾನು ಈ ಊರಲ್ಲೇ ಹುಟ್ಟಿ, ಈ ಊರಲ್ಲೇ ಓದಿದವಳು. ಆದರೆ ನನ್ನ ಊರು ಎಂದರೆ ಸ್ಕೂಲ್ ಬಸ್ಸಿನ ಕಿಟಕಿಯಲ್ಲಿ ಕಂಡಷ್ಟೇ. ಆ ಸಂದಿಯ ಆಚೆ ಇನ್ನೊಂದು ಊರೇ ಇತ್ತು. ಎದುರುಬದುರು ಮನೆಯವರು ಕಿಟಕಿಯಿಂದ ಕಿಟಕಿಗೆ ಕತ್ತರಿ ಕೊಟ್ಟು ಇಸಕೊಳ್ಳುವಷ್ಟು ಕಿರಿದಾದ ಬೀದಿ. ಅದರ ತಿರುವಿನಲ್ಲಿ ಒಬ್ಬ ಹೆಂಗಸು ನೆಲಕ್ಕೆ ಮಂಡಿಯೂರಿ, ತಲೆ ಬಗ್ಗಿಸಿ ಅಲ್ಲಾಡದೆ ಕೂತಿದ್ದಳು.

ಗಾಡಿ ನಿಲ್ಲಿಸಿ ಹತ್ತಿರ ಓಡಿದೆ. “ಏನಾಯ್ತು? ತಲೆ ಸುತ್ತು ಬಂತಾ? ಯಾರನ್ನಾದ್ರೂ ಕರೀಲಾ?”

“ಶ್! ಒಂದ್ನಿಮಿಷ ಬಾಯಿ ಮುಚ್ಕೊಂಡಿರಿ ತಾಯಿ.”

ಆಗ ಕಂಡಿತು. ರಸ್ತೆಯಲ್ಲಿನ ಸಣ್ಣ ಕಬ್ಬಿಣದ ಮುಚ್ಚಳ ತೆಗೆದು, ಒಳಗಿನ ಪೈಪಿನ ಮೇಲೆ ಉದ್ದನೆಯ ಸರಳು ಊರಿ, ಅದರ ತುದಿಯ ಮರದ ಬಟ್ಟಲಿಗೆ ಬಲಗಿವಿ ಕೊಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು, ಹತ್ತು ಹೆಜ್ಜೆ ನಡೆದು, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದಳು. “ಇಲ್ಲಿ ಸೋರ್ತಿದೆ. ನಾಳೆ ಅಗೆಯೋರು ಬರ್ತಾರೆ. ಈಗ ಹೇಳಿ, ಏನು ನಿಮ್ಮ ಗಾಬರಿ?”

ನೀರು ಸರಬರಾಜಿನವರ ಪೈಪುಗಳು ನೆಲದಡಿಯಲ್ಲಿ ಎಲ್ಲಿ ಸೋರುತ್ತಿವೆ ಎಂದು ಕೇಳಿ ಹೇಳುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ. ಗಲ್ಲಿಯವರೆಲ್ಲ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಮಂಗಳವಾರ, ಶುಕ್ರವಾರ ಅವಳು ನಮ್ಮ ಕಡೆ ಬರುತ್ತಿದ್ದಳು, ಮಧ್ಯಾಹ್ನ ಎರಡರಿಂದ ನಾಲ್ಕು. ಆ ಹೊತ್ತಿನಲ್ಲಿ ನಲ್ಲಿ ಬಿಡುವವರು ಕಡಿಮೆ, ಪೈಪಿನೊಳಗಿನ ಸದ್ದು ಕಲಬೆರಕೆಯಾಗುವುದಿಲ್ಲವಂತೆ. ನಾನು ತಳ್ಳುಗಾಡಿಯೊಂದಿಗೆ ಅವಳ ಹಿಂದೆ ಬಿದ್ದೆ.

ನಡೆಯುತ್ತಲೇ ಅವಳ ಕಥೆ ಗೊತ್ತಾಯಿತು. ಅಪ್ಪ ಅದೇ ಇಲಾಖೆಯಲ್ಲಿ ನೀರು ಬಿಡುವವರಾಗಿದ್ದರು. ಅವರು ತೀರಿಕೊಂಡ ಮೇಲೆ ಇವಳಿಗೆ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. “ಫ್ಯಾನಿನ ಕೆಳಗೆ ಕೂರಿಸಿದ್ರು. ಎರಡು ತಿಂಗಳು ನಿದ್ದೆ ಹೊಡೆದೆ. ಆಮೇಲೆ ನಾನೇ ಕೇಳ್ಕೊಂಡೆ, ಬೀದಿಗೆ ಹಾಕಿ ಅಂತ.” ಸರಳು ಹಿಡಿದ ಮೊದಲ ದಿನ ಅಗೆಯುವ ಗಂಡಸರು ನಕ್ಕರಂತೆ: ಹೆಂಗಸರು ಗೋಡೆಗೆ ಕಿವಿ ಕೊಡೋದು ಗೊತ್ತಿತ್ತು, ನೆಲಕ್ಕೂ ಕೊಡ್ತಾರಾ? “ನೆಲ ಸುಳ್ಳು ಹೇಳಲ್ಲಣ್ಣ, ಅದಕ್ಕೇ ನಿಮ್ಮ ಮಾತು ಬಿಟ್ಟು ಅದರ ಮಾತು ಕೇಳ್ತೀನಿ ಅಂದೆ. ವಾರ ಪೂರ್ತಿ ಚಹಾ ಕೊಡಿಸ್ಲಿಲ್ಲ ನಂಗೆ!”

ಅವಳ ಜೊತೆ ನಾನು ನೋಡಿದ ಬೀದಿಗಳು ನನ್ನ ಫೋನಿನ ನಕ್ಷೆಯಲ್ಲಿ ಬರೀ ಬೂದು ಬಣ್ಣ. ಅವಕ್ಕೆ ಅವಳೇ ಹೆಸರಿಟ್ಟಿದ್ದಳು. ಮುಂದೆ ದಾರಿಯಿಲ್ಲದ್ದು ‘ವಾಪಸ್ ಬಾ ಗಲ್ಲಿ’. ಎಪ್ಪತ್ತೆರಡು ಮೆಟ್ಟಿಲಿನ ಬೀದಿಗೆ ‘ಉಸ್ಸಪ್ಪಾ’. ಅದರ ನಡುವಿನ ಕಟ್ಟೆಯಲ್ಲಿ ಒಬ್ಬ ಕ್ಷೌರಿಕ ಕುರ್ಚಿ ಹಾಕಿಕೊಂಡಿದ್ದ. ಹತ್ತುವವರೆಲ್ಲ ಅಲ್ಲಿ ಕೂತು ಸುಧಾರಿಸಿಕೊಳ್ಳಲೇಬೇಕು, ಕೂತವರಿಗೆಲ್ಲ ಅವನು ಬಟ್ಟೆ ಹೊದಿಸಿಯೇಬಿಡುತ್ತಿದ್ದ. ತಳ್ಳುಗಾಡಿಯನ್ನು ಅವನೂ ಕಿವಿಯಕ್ಕನೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಮೇಲೇರಿಸಿಕೊಟ್ಟರು. “ಈ ಮೇಡಂ ಕೈಲಿ ಮಗು ಇದೆಯೋ ಗಾಜಿನ ಬುಡ್ಡಿ ಇದೆಯೋ?” ಎಂದು ಅವನು ನನ್ನ ಮುಖ ನೋಡಿ ಕೇಳಿದ.

ನನಗೆ ತುಂಬ ಇಷ್ಟವಾದದ್ದು ಅವಳು ಸದ್ದು ನಿಲ್ಲಿಸುತ್ತಿದ್ದ ರೀತಿ. ಸರಳು ಊರುವ ಮೊದಲು ಸೊಂಟದ ಮೇಲೆ ಕೈಯಿಟ್ಟು ಒಂದು ಕೂಗು: “ನಲ್ಲಿ ಮುಚ್ರಮ್ಮಾ, ಒಂದ್ನಿಮಿಷಾ!” ಅಷ್ಟೇ. ಬಟ್ಟೆ ಒಗೆಯುವ ಸದ್ದು ನಿಲ್ಲುತ್ತಿತ್ತು. ಟೈಲರ್ ಮಿಷನ್ನಿನಿಂದ ಕಾಲು ತೆಗೆಯುತ್ತಿದ್ದ. ಒಮ್ಮೆ ಅತ್ತಿಗೆ ನಾದಿನಿ ಬಾಗಿಲಲ್ಲಿ ನಿಂತು ಜಗಳ ಕಾಯುತ್ತಿದ್ದರು. “ಎಲ್ಲಿಗೆ ಬಂದಿದ್ರೋ ನೆನಪಿಟ್ಕೊಳ್ಳಿ, ಆಮೇಲೆ ಅಲ್ಲಿಂದಲೇ ಶುರು ಮಾಡಿ,” ಎಂದಳು. ಅವರು ನಿಜವಾಗಿಯೂ ತೆಪ್ಪಗಾದರು. ಅವಳು ಸರಳು ಎತ್ತಿದ ಮೇಲೆ ಯಾರ ಸರದಿ ಎಂಬುದರ ಮೇಲೆ ಮತ್ತೆ ಶುರುಮಾಡಿದರು.

ಐದನೇ ಸಲವೋ ಆರನೇ ಸಲವೋ, ಟ್ರಂಕು ಮಾಡುವವರ ಗಲ್ಲಿಗೆ ಹೋದೆವು. ಎರಡೂ ಬದಿ ತಗಡಿನ ಪೆಟ್ಟಿಗೆಗಳ ರಾಶಿ. ಮಳಿಗೆ ಮಳಿಗೆಯಲ್ಲೂ ಸುತ್ತಿಗೆ. ಕಿವಿಗೆ ಕೈ ಅಡ್ಡ ಇಟ್ಟುಕೊಂಡೇ ನಡೆಯಬೇಕು. ಮೊಗ್ಗು ತಳ್ಳುಗಾಡಿಯಲ್ಲಿ ಬಾಯಿ ತೆರೆದುಕೊಂಡು ಗಾಢವಾಗಿ ಮಲಗಿದ್ದಳು.

“ನೋಡಿ ಕಿವಿಯಕ್ಕ, ಎಂಥ ಗದ್ದಲದಲ್ಲೂ ಏಳಲ್ಲ. ಒಳ್ಳೇ ಮಗು,” ಎಂದೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಅವಳು ಮಗುವನ್ನು ನೋಡಿದಳು, ನನ್ನನ್ನು ನೋಡಿದಳು. ಒಂದು ಮಳಿಗೆಯ ಜಗಲಿಯ ಮೇಲೆ ನನ್ನನ್ನು ಕೂರಿಸಿ, “ಏನದು, ಹೇಳಿಬಿಡಿ” ಎಂದಳು. ಹೇಳಿದೆ. ಹೆಸರು ಕರೆದದ್ದು, ಪಾತ್ರೆ ಬಿದ್ದದ್ದು, ಚೀಟಿ, ಎಲ್ಲ. ತಟ್ಟೆಯ ಪರೀಕ್ಷೆಯನ್ನೂ ಹೇಳಿದೆ, ಅದೊಂದೇ ನನ್ನ ಕೈಯಲ್ಲಿದ್ದ ಧೈರ್ಯ.

“ತಟ್ಟೆ ಎಲ್ಲಿಟ್ಟಿದ್ರಿ?”

“ಮಂಚದ ಮೇಲೆ.”

“ಮಗು?”

“ಅದೇ ಮಂಚದ...”

“ಮಂಚ ಅದುರಿತು, ಮಗು ತಿರುಗ್ತು. ನಮ್ಮಲ್ಲಿ ಹೊಸಬರು ಎಲ್ಲರೂ ಮಾಡೋ ತಪ್ಪು ಕಣಮ್ಮ ಇದು. ಲಾರಿ ಹೋದ್ರೂ ಸರಳು ಅದುರುತ್ತೆ, ಸೋರಿಕೆ ಸಿಕ್ತು ಅಂತ ಕುಣೀತಾರೆ.”

ನನಗೆ ಅಳು ಬಂದುಬಿಟ್ಟಿತು. ಅವಳು ಸಮಾಧಾನ ಮಾಡಲಿಲ್ಲ. ತನ್ನ ಎಡಗಿವಿಯನ್ನು ಬೆರಳಿನಿಂದ ತಟ್ಟಿ, “ಇದು ಏಳು ವರ್ಷಕ್ಕೇ ಹೋಯ್ತು, ದಡಾರ ಬಂದು,” ಎಂದಳು. “ಅಮ್ಮಂಗೆ ಗೊತ್ತಿತ್ತು. ಯಾರಿಗೂ ಹೇಳ್ಲಿಲ್ಲ. ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ನಾಲ್ಕು ವರ್ಷ ಪೆದ್ದಿ ಅನ್ನಿಸ್ಕೊಂಡು ಕೂತಿದ್ದೆ. ಮುಂದಿನ ಬೆಂಚಿಗೆ ಬಂದಿದ್ರೆ ಸಾಕಿತ್ತು ನಂಗೆ, ಅಷ್ಟೇ. ಅಮ್ಮ ಕೆಟ್ಟವಳಲ್ಲ, ಹೆದರಿದ್ಲು. ಕೇಳಿಬಿಟ್ರೆ ನಿಜ ಆಗಿಬಿಡುತ್ತೆ ಅಂತ.”

“ನಂಗೂ ಅದೇ ಅನ್ಸುತ್ತೆ.”

“ಇಪ್ಪತ್ತಾರು ವರ್ಷದಲ್ಲಿ ನಾನು ಕಿವಿ ಕೊಟ್ಟಿದ್ದಕ್ಕೆ ಒಂದು ಪೈಪೂ ಒಡೆದಿಲ್ಲ ತಾಯಿ. ಒಡೆದಿದ್ರೆ ಮೊದಲೇ ಒಡೆದಿರುತ್ತೆ. ನಾನು ಹೋದ್ಮೇಲೆ ರಿಪೇರಿ ಆಗುತ್ತೆ, ಅಷ್ಟೇ ವ್ಯತ್ಯಾಸ.”

ಆ ಹೊತ್ತಿಗೆ ಮೊಗ್ಗು ಎದ್ದಳು. ಕಿವಿಯಕ್ಕ ಅವಳನ್ನು ಎತ್ತಿಕೊಂಡು, ಆ ಗಲ್ಲಿಯ ಪೈಪಿನ ಮುಚ್ಚಳ ತೆಗೆದು ಪಕ್ಕದಲ್ಲಿ ಕೂತಳು. ಸರಳನ್ನು ಪೈಪಿನ ಮೇಲೆ ಊರಿ, ಮರದ ಬಟ್ಟಲನ್ನು ಕೈವಸ್ತ್ರದಿಂದ ಒರೆಸಿ, ಮಗುವಿನ ಕಿವಿಯ ಹಿಂದಿನ ಮೂಳೆಗೆ ಮೆಲ್ಲಗೆ ತಾಗಿಸಿದಳು. ಒದ್ದಾಡುತ್ತಿದ್ದ ಕಾಲುಗಳು ನಿಂತವು. ಮೊಗ್ಗು ಕಣ್ಣರಳಿಸಿ, ಉಸಿರು ಹಿಡಿದು, ಆಮೇಲೆ ಹೊಸದಾಗಿ ಬಂದ ನಾಲ್ಕೂ ಹಲ್ಲು ತೋರಿಸಿ ನಕ್ಕಳು. ಬಟ್ಟಲು ತೆಗೆದರೆ ಕೈ ಚಾಚಿ ಮತ್ತೆ ಎಳೆದುಕೊಂಡಳು.

“ಕೇಳಿಸ್ತಾ ಅವಳಿಗೆ? ಕೇಳಿಸ್ತಲ್ವಾ?” ನಾನು ಕಿವಿಯಕ್ಕನ ತೋಳು ಹಿಡಿದೆ.

“ಕೇಳಿಸ್ತೋ, ಕಚಗುಳಿ ಆಯ್ತೋ, ನಂಗೆ ಗೊತ್ತಿಲ್ಲ. ನಾನು ಪೈಪಿನ ಡಾಕ್ಟರು, ಮಕ್ಕಳ ಡಾಕ್ಟರಲ್ಲ. ಅದನ್ನ ಹೇಳೋರ ನಂಬರ್ ನಿಮ್ಮ ಪರ್ಸಲ್ಲಿದೆ.” ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. “ಇವಳನ್ನ ತಲುಪೋಕೆ ಏನೋ ಒಂದು ದಾರಿ ಇದೆ ಅಂತ ಮಾತ್ರ ಇವಳ ಮುಖ ಹೇಳ್ತಿದೆ. ತೆಗೀರಿ ಫೋನು.”

“ಮನೆಗೆ ಹೋಗಿ ಮಾಡ್ತೀನಿ. ಇಲ್ಲಿ ಈ ಸುತ್ತಿಗೆ ಸದ್ದಲ್ಲಿ...”

ನನ್ನ ನೆಪ ಮುಗಿಯುವಷ್ಟರಲ್ಲಿ ಅವಳು ಗಲ್ಲಿಯ ನಟ್ಟನಡುವೆ ನಿಂತಾಗಿತ್ತು. “ಸುತ್ತಿಗೆ ನಿಲ್ಸ್ರಪ್ಪಾ, ಒಂದ್ನಿಮಿಷಾ!”

ಒಂದೊಂದಾಗಿ ಸುತ್ತಿಗೆಗಳು ನಿಂತವು. ಕೊನೆಯ ಮಳಿಗೆಯ ಮುದುಕ, “ಪೈಪಾ ಅಕ್ಕ?” ಎಂದು ಇಣುಕಿದ. “ಪೈಪಲ್ಲ ತಾತ, ನಮ್ಮ ಹುಡುಗಿ ಫೋನ್ ಮಾಡ್ತಾಳೆ.” ಅವನು ತಲೆಯಾಡಿಸಿ, ಅರ್ಧ ಬಡಿದ ಮೊಳೆಯನ್ನು ಹಾಗೇ ಬಿಟ್ಟು, ಸುತ್ತಿಗೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಇಡೀ ಗಲ್ಲಿ ನನಗಾಗಿ ಕಾಯುತ್ತಿತ್ತು. ಇನ್ನು ಫೋನ್ ಕಟ್ ಮಾಡುವ ಹಾಗಿರಲಿಲ್ಲ.

ಚೀಟಿಯ ಮಡಿಕೆಯಲ್ಲಿ ಒಂದು ಅಂಕಿ ಮಾಸಿತ್ತು. ನೋಡುವ ಅಗತ್ಯವೇ ಬೀಳಲಿಲ್ಲ, ಬಾಯಿಪಾಠವಾಗಿತ್ತು. ಒಂದು ರಿಂಗ್. ಎರಡು. ಕಿವಿಯಕ್ಕನ ಸೊಂಟದ ಮೇಲೆ ಮೊಗ್ಗು ಸರಳಿನ ಬಟ್ಟಲಿಗೆ ಕೆನ್ನೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ಹಲೋ, ಹೇಳಿ,” ಎಂದಿತು ಆಚೆಯ ದನಿ.

“ನನ್ನ ಮಗಳಿಗೆ ಕಿವಿ ಪರೀಕ್ಷೆ ಮಾಡಿಸ್ಬೇಕು,” ಎಂದೆ. “ಹದಿಮೂರು ತಿಂಗಳು. ಹೌದು, ನಾನು ತಾಯಿ. ನಾಳೆ ಬೆಳಿಗ್ಗೆನೇ ಬರ್ತೀವಿ.”