ಅಕ್ಕ ಮುಗಿಯಗೊಡದ ಆಟ

ಜಪಾನಿನ ದೊಡ್ಡ ದೊಡ್ಡ ವಿಡಿಯೋ ಗೇಮುಗಳಲ್ಲಿ ಕಥೆ ಮುಖ್ಯವೋ, ಬೇಕಾದ ಕಡೆ ಅಲೆಯುವ ಸ್ವಾತಂತ್ರ್ಯ ಮುಖ್ಯವೋ ಎಂದು ನನ್ನ ಮಗ ಮತ್ತು ಅವನ ಗೆಳೆಯರು ಊಟದ ತಟ್ಟೆಯ ಮುಂದೆ ವಾದಕ್ಕೆ ಕೂತರೆ ನನಗೆ ಮೈಯೆಲ್ಲ ಉರಿಯುತ್ತದೆ. "ಮೊದಲು ಎದ್ದು ಕೈ ತೊಳಕೋರಿ" ಎಂದು ಗದರಿ ಒಳಗೆ ಹೋಗುತ್ತೇನೆ. ಅವರ ಪಾಲಿಗೆ ನಾನು ಇದೆಲ್ಲ ತಿಳಿಯದ ಹೆಂಗಸು. ತಿಳಿಯದೇನು! ಈ ಜಗಳವನ್ನು ತೊಂಬತ್ತರ ದಶಕದಲ್ಲಿ, ಸಿಂಧನೂರಿನ ನಮ್ಮ ಪಡಸಾಲೆಯಲ್ಲಿ ಆಡಿ ಮುಗಿಸಿದವಳು ನಾನು.

ಅಪ್ಪ ಲಾರಿ ಡ್ರೈವರ್. ಸಿಂಧನೂರಿನ ಅಕ್ಕಿ ಹೇರಿಕೊಂಡು ಮುಂಬಯಿಗೆ ಹೋಗುವುದು, ಅಲ್ಲಿ ಸಿಕ್ಕ ಮಾಲು ಹೇರಿಕೊಂಡು ತಿರುಗಿ ಬರುವುದು. ಒಂದು ಸಲ ಅಲ್ಲಿನ ಫುಟ್‌ಪಾತಿನಿಂದ ಟಿವಿ ಗೇಮು ತಂದ. ಜೊತೆಗೆ ಎರಡು ಕ್ಯಾಸೆಟ್ಟು. ಒಂದು ಕಾರಿನ ರೇಸು, ವಾರದಲ್ಲೇ ಕೆಟ್ಟಿತು. ಉಳಿದದ್ದು ಇದು: ಕತ್ತಿ ಹಿಡಿದ ಒಬ್ಬ ಗಿಡ್ಡ ಹುಡುಗ, ಅವನ ಮುಂದೆ ಊರು, ಕಾಡು, ಹೊಳೆ, ಗುಡ್ಡ, ದೂರದಲ್ಲೊಂದು ಕೋಟೆ. ಎಲ್ಲಿಗೆ ಬೇಕಾದರೂ ಹೋಗಬಹುದು. ದಾರಿಯಲ್ಲಿ ದೆವ್ವಗಳು ಅಡ್ಡ ಬರುತ್ತವೆ. ಹೊಡೆದಷ್ಟೂ ಹುಡುಗನ ಬಲ ಹೆಚ್ಚುತ್ತದೆ. ಇವತ್ತು ನಿಲ್ಲಿಸಿದಲ್ಲಿಂದ ನಾಳೆ ಮುಂದುವರಿಸಬಹುದು. ಎದುರಾದವರೆಲ್ಲ ಏನೇನೋ ಮಾತಾಡುತ್ತಾರೆ, ಆದರೆ ಅದೆಲ್ಲ ಜಪಾನಿ ಅಕ್ಷರ. ನಮಗೆ ಒಂದು ಸೊಟ್ಟ ಗೆರೆಯೂ ತಿಳಿಯದು.

ಅದನ್ನು ಓದಿ ಹೇಳುತ್ತಿದ್ದವಳು ಅಕ್ಕ. ಓದುವುದೆಲ್ಲಿ ಬಂತು, ತಾನೇ ಕಟ್ಟಿ ಹೇಳುತ್ತಿದ್ದಳು. ಅವಳನ್ನು ಗುರುಗುಂಟಾಕ್ಕೆ ಕೊಟ್ಟು ವರ್ಷವಾಗಿತ್ತು. ಭಾವ ಕುರಿ ವ್ಯಾಪಾರಿ, ಸಂತೆಯಿಂದ ಸಂತೆಗೆ ತಿರುಗುವವನು. ಅತ್ತೆ ಮಾವ ಹೊಡೆಯಲಿಲ್ಲ, ಬೈಯಲಿಲ್ಲ. ಅವಳ ಜೊತೆ ಮಾತನ್ನೇ ಆಡುತ್ತಿರಲಿಲ್ಲ. "ನೀರು ತಾ, ರೊಟ್ಟಿ ಹಾಕು, ಅಷ್ಟ ಯವ್ವಾ. ದನದ ಜೊತಿಗಾದ್ರೂ ಎರಡು ಮಾತು ಹೆಚ್ಚಿಗಿ ಆಡ್ತಾರ" ಎಂದು ಅವಳು ಅವ್ವನ ಮುಂದೆ ಅತ್ತದ್ದನ್ನು ನಾನು ಕೇಳಿದ್ದೆ. ಪಂಚಮಿಗೆಂದು ತವರಿಗೆ ಬಂದವಳು ತಿರುಗಿ ಹೋಗುವ ಸುದ್ದಿಯನ್ನೇ ಎತ್ತಿರಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಎಂದು ದಿನಕ್ಕೊಮ್ಮೆ ಯಾರಿಗೋ ಹೇಳುವಂತೆ ಹೇಳುತ್ತಿದ್ದಳು. ಕೊನೆಗೆ ಅಪ್ಪ ಮುಂಬಯಿಗೆ ಲಾರಿ ಹತ್ತುವಾಗ ತೀರ್ಮಾನ ಮಾಡಿದ.

"ಅದೊಂದು ಆಟ ಮುಗಿಸ್ಕೋ ಮಗಳ. ನಾ ಬಂದ ಮ್ಯಾಲೆ ಗುರುಗುಂಟಾಕ್ಕ ಬಿಟ್ಟು ಬರ್ತೀನಿ."

ಆಟ ಮುಗಿಯುವ ತನಕ ತನ್ನನ್ನು ಯಾರೂ ಕಳಿಸುವಂತಿಲ್ಲ ಎಂದು ಅಕ್ಕ ಅದಕ್ಕೆ ಅರ್ಥ ಹಚ್ಚಿಕೊಂಡಳು.

ನನಗೋ ಕಥೆ ಮುಗಿಯಬೇಕು. ಕೋಟೆಯಲ್ಲಿ ಒಬ್ಬ ರಾಜಕುಮಾರಿ ಸೆರೆಯಲ್ಲಿದ್ದಾಳೆ ಎಂದು ಅಕ್ಕನೇ ಮೊದಲ ದಿನ ಹೇಳಿದ್ದಳು, ಅವಳನ್ನು ಬಿಡಿಸುವ ತನಕ ನನಗೆ ಸಮಾಧಾನವಿಲ್ಲ. ತಮ್ಮನಿಗೆ ಕಥೆಯ ಗೊಡವೆಯೇ ಇಲ್ಲ. ಹೊಳೆಯ ದಂಡೆಯಲ್ಲಿ ಅದೇ ದೆವ್ವಗಳನ್ನು ಬಡಿಯುತ್ತ ಗಂಟೆಗಟ್ಟಲೆ ಅಲೆಯುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದೇ ಗತಿ. ಒಂದು ದಿನ ನಾನು ರಿಮೋಟು ಕಸಿದುಕೊಂಡು ಹುಡುಗನನ್ನು ನೆಟ್ಟಗೆ ಕೋಟೆಗೆ ನಡೆಸಿದೆ. ಬಾಗಿಲಲ್ಲಿ ಒಂದು ಎಲುಬುಗೂಡು ಎರಡೇ ಏಟಿಗೆ ಅವನನ್ನು ಕೆಡವಿತು.

ತಮ್ಮ ಬಿದ್ದು ಬಿದ್ದು ನಕ್ಕ. "ಬಲ ಇಲ್ದನ ಕ್ವಾಟಿಗೆ ಹೊಂಟಿದ್ದಿ? ಹೋಗು ಹೋಗು, ಬಡಿಸ್ಕೊಂಡು ಬಾ."

"ಬಲ ತಗೊಂಡು ಏನ್ ಮಾಡ್ತೀಲೇ? ಅದ ಹೊಳಿ ದಂಡ್ಯಾಗ ಮುದುಕ ಆಗಿ ಸಾಯ್ತಿ!"

ಹೊಟ್ಟೆ ಉರಿದರೂ ಒಪ್ಪಬೇಕು, ಅಲೆಯದೆ ಹೋದರೆ ಹುಡುಗ ಬಾಗಿಲಲ್ಲೇ ಸಾಯುತ್ತಾನೆ. ಬರೀ ಅಲೆದರೆ ರಾಜಕುಮಾರಿ ಅಲ್ಲೇ ಕೊಳೆಯುತ್ತಾಳೆ. ಎಷ್ಟು ಅಲೆದು ಯಾವಾಗ ಮುಂದೆ ಹೋಗಬೇಕು ಎಂದು ಹೇಳಬೇಕಾದವಳು ಅಕ್ಕ, ಏಕೆಂದರೆ ಕಥೆ ಇದ್ದದ್ದು ಅವಳ ಬಾಯಲ್ಲಿ. ಆದರೆ ಅವಳೋ ತಮ್ಮನಿಗಿಂತ ಒಂದು ಕೈ ಮಿಗಿಲು.

"ಈ ಮುದುಕನ ಮಗ ಬಡಗಣ ಗುಡ್ಡದಾಗ ಕಳಕೊಂಡಾನಂತ. ಹುಡುಕಿ ಕೊಡೋತನ ಕ್ವಾಟಿಗೆ ಹೋಗಬಾರದಂತ."

ಗುಡ್ಡಕ್ಕೆ ಹೋದರೆ ಅಲ್ಲಿ ಮಗನೂ ಇಲ್ಲ, ಮರಿಯೂ ಇಲ್ಲ. ಅಲ್ಲಿದ್ದ ಯಾವಳೋ ಮುದುಕಿ ನಾಲ್ಕು ಸಾಲು ಜಪಾನಿ ಹೇಳಿದಳು. "ತೆಂಕಲಕ್ಕ ಹೋಗ್ಯಾನಂತ" ಎಂದಳು ಅಕ್ಕ. ತೆಂಕಲಲ್ಲಿ ಇನ್ನೊಬ್ಬನಿಗೆ ಬೇರು ಬೇಕಂತೆ, ಮತ್ತೊಬ್ಬಳ ಕುರಿ ತಪ್ಪಿಸಿಕೊಂಡಿದೆಯಂತೆ. ಹನುಮಂತನ ಬಾಲ!

"ಇವ ನಿನ್ನೆ ಸತ್ತಾನ ಅಂದಿದ್ದೆಲ್ಲಬೇ?" ಎಂದು ನಾನು ಚೀರಿದರೆ, "ಅವ ಇವನ ತಮ್ಮ" ಎನ್ನುತ್ತಿದ್ದಳು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಇದರ ಮೇಲೆ ಆಯಿಯ ಕಾಟ ಬೇರೆ. ದೀಪ ಹಚ್ಚುವ ಹೊತ್ತಿಗೆ ವೋಲ್ಟೇಜು ಬಿದ್ದು ಟಿವಿಯ ಚಿತ್ರ ಅಂಗೈಯಷ್ಟಾಗುತ್ತಿತ್ತು, ಆದ್ದರಿಂದ ನಾವು ಆಡುವುದೆಲ್ಲ ಹಗಲಿನಲ್ಲಿ. ಹಗಲು ಹೊತ್ತು ಕಥೆ ಹೇಳಿದರೆ ಪಯಣದಲ್ಲಿದ್ದವರು ದಾರಿ ತಪ್ಪುತ್ತಾರೆ ಎಂಬ ಮಾತು ನಮ್ಮ ಕಡೆ ಇದೆ. ಮಗ ಲಾರಿಯ ಮೇಲಿರುವ ತಾಯಿಗೆ ಅದು ಬರೀ ಮಾತಲ್ಲ, ಕಾನೂನು. "ನನ್ನ ಮಗ ದಾರಿ ಮ್ಯಾಲ ಅದಾನ. ಆಡೋದಾದ್ರ ಬಾಯಿ ಮುಚ್ಚಿ ಆಡ್ರಿ" ಎಂದು ಅಂಗಳದಿಂದಲೇ ಗದರುತ್ತಿದ್ದಳು. ಹಾಗಾಗಿ ಆಯಿ ಮನೆಯಲ್ಲಿದ್ದರೆ ಬರೀ ಅಲೆದಾಟ. ಅವಳು ಪಕ್ಕದ ಮನೆಗೆ ಮಾತಿಗೆ ಹೋದಳೋ, ಅಕ್ಕನ ಕಥೆ ಶುರು.

ಐದನೆಯ ದಿನಕ್ಕೆ ಬರಬೇಕಾಗಿದ್ದ ಅಪ್ಪ ಎಂಟು ದಿನವಾದರೂ ಬರಲಿಲ್ಲ. ಆಯಿ ಹೊಸ್ತಿಲು ಬಿಟ್ಟು ಏಳಲೊಲ್ಲಳು, ಅರ್ಧ ರೊಟ್ಟಿಯನ್ನೂ ತಿನ್ನಲೊಲ್ಲಳು. ನಾನು ಅಡುಗೆ ಮನೆಗೆ ಹೋಗಿ, "ಇನ್ನ ಹಗಲೊತ್ತಿನಾಗ ಕಥಿ ಬ್ಯಾಡಬೇ ಯಕ್ಕಾ" ಎಂದೆ.

ರೊಟ್ಟಿ ಬಡಿಯುತ್ತಿದ್ದ ಅಕ್ಕ ಮುಖ ಎತ್ತಲಿಲ್ಲ. "ಮತ್ತ ಯಾಕ ಹೇಳಾಕತ್ತೀನಿ ಅಂದ್ಕೊಂಡಿ?"

"ಅಪ್ಪ ದಾರಿ ತಪ್ಪಲಿ ಅಂತ ಏನು?"

"ಸುಮ್ನ ನಾಕು ದಿನ ತಪ್ಪಲಿ ಅಂದೀನಿ, ಕೆಟ್ಟದ್ದಾಗಲಿ ಅಂದಿಲ್ಲ. ಅಪ್ಪ ನಾಕು ದಿನ ಸುತ್ತಿ ಬಂದ್ರ ನಾ ನಾಕು ದಿನ ಇರ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. "ನಿನಗ ಬುದ್ಧಿ ಗಿದ್ಧಿ ಐತೋ ಇಲ್ಲೋ? ಆ ಮುದುಕಿ ಮಾರಿ ಆದ್ರೂ ನೋಡಬೇ!" ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವಳು ಹಂಚಿನ ಮೇಲಿನ ರೊಟ್ಟಿ ಕರಿಯಾಗುವ ತನಕ ಹಾಗೇ ಕೂತಳು. ಆಮೇಲೆ ಅದನ್ನು ತಾನೇ ತಿಂದಳು.

ಒಂಬತ್ತನೆಯ ದಿನ ಅಪ್ಪ ಬಂದ. ಸೊಲ್ಲಾಪುರದಾಚೆ ಲಾರಿ ಕೆಟ್ಟು ನಿಂತಿತ್ತಂತೆ. ಮರುದಿನ ಭಾನುವಾರ. ಚಹಾ ಕುಡಿಯುತ್ತ ಟಿವಿಯ ಮುಂದೆ ಬಂದು ಕೂತು, "ಆಟ ಮುಗೀತೇನು?" ಎಂದು ಕೇಳಿದ.

"ಇನ್ನಾ ಇಲ್ಲಪ್ಪ" ಎಂದಳು ಅಕ್ಕ.

"ಹಂಗಾರ ಮುಗಿಸ್ರಿ. ಎರಡು ಗಂಟಿ ಬಸ್ಸಿಗೆ ಹೋಗೂಣು."

ಅಕ್ಕನ ಸುಳ್ಳು ಕೆಲಸಗಳಿಗಾಗಿ ಅಲೆದೂ ಅಲೆದೂ ಹುಡುಗನಿಗೆ ಎಂಥ ಬಲ ಬಂದಿತ್ತೆಂದರೆ ಎಲುಬುಗೂಡು ಒಂದೇ ಏಟಿಗೆ ಪುಡಿಯಾಯಿತು. ಒಳಗಿದ್ದ ರಾಕ್ಷಸನೂ ಬಹಳ ಹೊತ್ತು ತಡೆಯಲಿಲ್ಲ. ರಾಜಕುಮಾರಿ ಬಂದು ನಿಂತಳು. ಮೂರು ಸಾಲು ಅಕ್ಷರ ಮೂಡಿದವು, ಅವುಗಳ ಕೆಳಗೆ ಎರಡು ಸಣ್ಣ ಪದ, ಆರಿಸಿಕೊಳ್ಳಲು.

"ಏನಂತಾಳ?" ಎಂದ ಅಪ್ಪ.

ಅಕ್ಕ ಟಿವಿಯ ಹತ್ತಿರ ಸರಿದಳು. "ಆಕೀನ ಕೇಳಾಕತ್ತಾರ. ಬಂದು ಭಾಳ ದಿನ ಆತು, ಇನ್ನ ಮನಿಗೆ ಹೋಗ್ತೀಯೇನು ಅಂತ. ಮ್ಯಾಲಿಂದು ಹೂಂ, ಕೆಳಗಿಂದು ಒಲ್ಲೆ."

ತಮ್ಮ ಕೆಳಗಿನದನ್ನು ಒತ್ತಿದ. ಅದೇ ಮೂರು ಸಾಲು ಮತ್ತೆ ಬಂದವು. ಮತ್ತೆ ಒತ್ತಿದ, ಮತ್ತೆ ಅವೇ. "ಇದೇನಿದು, ಒಲ್ಲೆ ಅಂದ್ರೂ ಅದನ್ನ ಕೇಳ್ತಾರಲ್ಲ!"

"ನೀ ಒಲ್ಲೆ ಅನ್ನು" ಎಂದಳು ಅಕ್ಕ.

ಎಂಟು ಸಲವೋ ಹತ್ತು ಸಲವೋ. ದೇಶವೆಲ್ಲ ಬೇಕಾದ ಹಾಗೆ ಅಲೆಯಲು ಬಿಟ್ಟ ಆಟ ಇಲ್ಲಿ ಮಾತ್ರ ಅತ್ತ ಇತ್ತ ಮಿಸುಕಲು ಬಿಡದು. ಗಡಿಯಾರ ಒಂದು ದಾಟಿತ್ತು, ಕರೆಂಟು ಯಾವ ಗಳಿಗೆಯಲ್ಲಾದರೂ ಹೋಗಬಹುದಿತ್ತು. ಇಷ್ಟು ದಿನ ಕಾದ ಕಥೆಯ ಕೊನೆ ಕಣ್ಣ ಮುಂದೆ ಇತ್ತು. ನನಗೆ ತಲೆ ಕೆಟ್ಟಿತು. "ಕೊಡಿಲ್ಲೆ ಮಂಗ್ಯಾ!" ಎಂದು ತಮ್ಮನ ಕೈಯಿಂದ ಕಸಿದುಕೊಂಡು ಮೇಲಿನದನ್ನು ಒತ್ತಿದೆ.

ಸಂಗೀತ ಬಂತು. ನಾನು ಚಪ್ಪಾಳೆ ತಟ್ಟಿದೆ. ತಿರುಗಿ ನೋಡಿದರೆ ಅಕ್ಕ ಎದ್ದು ಒಳಗೆ ಹೋಗಿದ್ದಳು, ಸೀರೆ ಮಡಚಿ ಚೀಲಕ್ಕೆ ಹಾಕುತ್ತಿದ್ದಳು.

ಮರುದಿನ ಮುಂಜಾನೆ ಅಪ್ಪ ಒಬ್ಬನೇ ತಿರುಗಿ ಬಂದ. ಅಕ್ಕ ಲಿಂಗಸುಗೂರಿನಲ್ಲಿ ಗುರುಗುಂಟಾದ ಬಸ್ಸಿಗೆ ಕಾಯುವಾಗ, ಬೆಳೆ ಹೆಂಗೈತಪ್ಪ ಈ ಕಡೆ ಎಂದು ಕೇಳಿದಳಂತೆ, ಅಷ್ಟೇ. ಅಪ್ಪ ಕಾಲು ತೊಳೆದು ಬಂದು ನನ್ನ ಎದುರು ಕೂತ.

"ಆಕಿ ಅಷ್ಟು ಸಲ ಒಲ್ಲೆ ಒಲ್ಲೆ ಅಂದಳಲ್ಲ" ಎಂದ. "ಇರವ್ವಾ, ಹೋಗಬ್ಯಾಡ ಅಂತ ನನ್ನ ಬಾಯಿಗೆ ಬಂದಿತ್ತು. ಅಷ್ಟರಾಗ ನೀ ಒತ್ತಿಬಿಟ್ಟಿ."