‘ನೇರಪ್ರಸಾರ’ದ ಹಿಂದೆ ನಿಂತವರು

ರಷ್ಯಾದ ಅಂಚಿನ ಸಮುದ್ರದಲ್ಲಿ ಭಾರೀ ಭೂಕಂಪವಾಗಿ ಅರ್ಧ ಭೂಮಿಗೆ ಸುನಾಮಿ ಎಚ್ಚರಿಕೆ ಕೊಟ್ಟರಲ್ಲ, ಆ ಮಧ್ಯಾಹ್ನ ನಾನು ಶಿಗ್ಗಾವಿಯ ನನ್ನ ಕಾಯಂ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದೆ. ಎದುರಿಗೆ ಟಿವಿ. ಟಿವಿ ತುಂಬ ಅಲೆ. ಮೂಲೆಯಲ್ಲೊಂದು ಕೆಂಪು ಪಟ್ಟಿ: ನೇರಪ್ರಸಾರ.

ಪಕ್ಕದ ಟೇಬಲ್ಲಿನವನು ಊಟ ಬಿಟ್ಟು ಮೊಬೈಲ್ ಎತ್ತಿ ಟಿವಿಯನ್ನೇ ಶೂಟ್ ಮಾಡತೊಡಗಿದ. “ಏನ್ ಅಲಿ ಐತಲೇ, ಭಾರಿ ಮಸ್ತ್!” (ಜನ ಕೊಚ್ಚಿ ಹೋಗುವುದೂ ನಮಗೀಗ ಮಸ್ತ್.)

ನನಗೆ ಅನುಮಾನ ಬಂತು. ರಷ್ಯಾದ ದಂಡೆಯಲ್ಲಿ ಲುಂಗಿ ಉಟ್ಟವರು ಓಡುತ್ತಾರೆಯೇ? ಅಂಗಡಿಗೆ ತಮಿಳು ಬೋರ್ಡು ಇರುತ್ತದೆಯೇ? ಇದು 2004ರ ಸುನಾಮಿ. ಸುಮಾತ್ರಾದ ಬಳಿ ನೆಲ ನಡುಗಿ, ಇಡೀ ಹಿಂದೂ ಮಹಾಸಾಗರ ಎದ್ದು ಬಂದ ಆ ಬೆಳಗಿನ ವಿಡಿಯೋ. ಸತ್ತವರನ್ನು ಫ್ರಿಜ್ಜಿನಿಂದ ತೆಗೆದು, ಬಿಸಿ ಮಾಡಿ ಬಡಿಸುತ್ತಿದ್ದರು.

“ಅಕ್ಕಾರ, ಇದು ಹಳೇದು. ಸುಳ್ಳು ತೋರಸಾಕತ್ತಾರ. ಚಾನೆಲ್ ಬದಲಿ ಮಾಡ್ರಿ” ಎಂದು ಜಾಣನಂತೆ ಕೂಗಿದೆ.

ರೊಟ್ಟಿ ಬಡಿಯುತ್ತಿದ್ದ ಶಾಂತವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದರು. ಖಾನಾವಳಿ ಅವರದೇ.

“ಹಳೇದು ಅಂತ ನನಗೂ ಗೊತ್ತೈತ್ರಿ. ಬದಲಿ ಮಾಡಬ್ಯಾಡ್ರಿ. ಇದರಾಗ ನಮ್ಮ ಮನಿಯವರು ಬರ್ತಾರ.”

ಆಗ ಅವರ ಊರು ಹಿರೇಬೆಂಡಿಗೇರಿಯವರೆಲ್ಲ ಸೇರಿ ಬಸ್ ಮಾಡಿಕೊಂಡು ಕನ್ಯಾಕುಮಾರಿಗೆ ಹೋಗಿದ್ದರಂತೆ. ಗಂಡ ಹೆಂಡತಿ ಇಬ್ಬರೂ ಸಮುದ್ರ ನೋಡಿದ್ದು ಅದೇ ಮೊದಲು. “ಸಮುದ್ರದ ಗಂಗವ್ವಗ ಅರಿಷಿಣ ಕುಂಕುಮ ಏರಸಬೇಕಂತ ನಾ ಡಬ್ಬಿ ತರಾಕ ಬಸ್ಸಿಗೆ ಹೋದೆ. ಅವರು ಚಪ್ಪಲಿ ಕಳದು ಕೈಯಾಗ ಹಿಡ್ಕೊಂಡು ನಿಂತಿದ್ರು.”

ಹೆಣ ಸಿಗಲಿಲ್ಲ. ಮನೆಯಲ್ಲಿರುವುದು ಮದುವೆಯದೊಂದು ಫೋಟೋ ಮಾತ್ರ. ಕೆಂಪು ರುಮಾಲು ಸುತ್ತಿಕೊಂಡು ಅವರು ಜೀವಂತ ನಿಂತಿರುವುದು ಈ ಕ್ಲಿಪ್ಪಿನಲ್ಲಿ. ಅದಕ್ಕೇ ಜಗತ್ತಿನಲ್ಲಿ ಎಲ್ಲಿ ಸಮುದ್ರ ಉಕ್ಕಿದರೂ ಶಾಂತವ್ವ ಟಿವಿ ಮುಂದೆ ಬಂದು ನಿಲ್ಲುತ್ತಾರೆ. ಚಾನೆಲ್ಲಿಗೆ ಬೈಯಲೋ, ಕೈ ಮುಗಿಯಲೋ?

ಕ್ಲಿಪ್ ಮತ್ತೆ ಮತ್ತೆ ಬಂತು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ. ಶಾಂತವ್ವ ಕದಲಲಿಲ್ಲ. ಕೊನೆಗೆ ಟಿವಿಯ ಮೂಲೆಗೆ ಹಿಟ್ಟಿನ ಬೆರಳಿಟ್ಟರು.

“ಇಲ್ಲೇ ನಿಂತಾರ್ರಿ ಅವರು. ಈ ಸಲ ಪಟ್ಟಿ ಅವರ ಮ್ಯಾಲೇ ಕುಂತೈತಿ. ನೀವು ಪೇಪರ್‌ನ್ಯಾಗ ಬರೀತೀರಲ್ಲ, ಒಂದ್ ಮಾತು ಹೇಳ್ರಿ.”

ಹೇಳುತ್ತಿದ್ದೇನೆ. ಚಾನೆಲ್ಲಿನವರೇ, ಸುಳ್ಳು ಬಿಡಿ ಎಂದು ನಿಮ್ಮನ್ನು ಕೇಳುವಷ್ಟು ಮೂರ್ಖ ನಾನಲ್ಲ. ಆ ‘ನೇರಪ್ರಸಾರ’ವನ್ನು ಒಂಚೂರು ಪಕ್ಕಕ್ಕೆ ಸರಿಸಲಾದರೂ ಆಗುತ್ತದೆಯೇ?